ಡಿ ಡ್ರೈವಿನ ಪಂಚನಾಮೆ

ಸಂಕ್ರಮಣ ಮುಗಿದು ಹತ್ತು ದಿನವಾಗಿತ್ತು. ಕಡಲೆ ಕೀಳುವ ಕಾಲ. ಬಿಸಿಲೇರಿದ ಮೇಲೆ ಕಡಲೆ ಗಿಡ ಮುಟ್ಟಿದರೆ ಕಾಯಿ ಉದುರಿ ಹೊಲದ ಪಾಲಾಗುತ್ತದೆ. ಇಬ್ಬನಿ ಆರುವುದರೊಳಗೆ ಕಿತ್ತು ಗುಂಪಿ ಹಾಕಬೇಕು. ಹಾಗಾಗಿ ಮುಂಡರಗಿ ರಸ್ತೆಯ ನಮ್ಮೂರಿನಲ್ಲಿ ಆ ಶನಿವಾರ ಮೂಡಣ ಕೆಂಪಾಗುವ ಮೊದಲೇ ಹೆಣ್ಣಾಳುಗಳು ಕರಿಮಣ್ಣಿನ ಎರಿ ಹೊಲದಲ್ಲಿ ಸಾಲು ಹಿಡಿದಿದ್ದರು. ಗಿಡದ ಹುಳಿ ಹತ್ತಿ ಬೆರಳು ಚುರುಗುಟ್ಟುತ್ತಿದ್ದವು. ಒಂಬತ್ತರ ಹೊತ್ತಿಗೆ ಇಬ್ಬನಿ ಆರಿತು, ಕೆಲಸ ನಿಂತಿತು, ಗಂಡಸರು ಬಸ್ ಸ್ಟ್ಯಾಂಡಿಗೆ ಚಹಾಕ್ಕೆ ಬಂದರು.

ಅಲ್ಲೇ ರಾಮಪ್ಪನ ಚಹಾದಂಗಡಿಯ ಪಕ್ಕ ಬುಡ್ಡೇಸಾಬ ತನ್ನ ಅಂಗಡಿಯ ಷಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿ, ಅದು ಏಳುವವರೆಗೆ ಮುಖ ತೊಳೆದು ಬರಲು ಹೋದ. ಹತ್ತು ವರ್ಷದ ಕಂಪ್ಯೂಟರು. ಅದು ಏಳುವುದಕ್ಕೂ ಬುಡ್ಡೇಸಾಬ ಏಳುವುದಕ್ಕೂ ಸರಿಸುಮಾರು ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಧಾರವಾಡ ಒಡೆದು ಗದಗ ಬೇರೆ ಜಿಲ್ಲೆಯಾದ ವರ್ಷ ಬುಡ್ಡೇಸಾಬ ಗದುಗಿಗೆ ಹೋಗಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿಕೊಂಡು ಬಂದಿದ್ದ. ಜಿಲ್ಲೆಗೂ ಅವನಿಗೂ ಒಂದೇ ವಯಸ್ಸಿನ ಅನುಭವ. ಪಹಣಿ ತೆಗೆಯುವುದು, ಅರ್ಜಿ ಬರೆಯುವುದು, ಪಾಸ್‌ಪೋರ್ಟ್ ಅಳತೆಯ ಫೋಟೋ ಹೊಡೆಯುವುದು ಎಲ್ಲವೂ ಅವನದೇ. ಟೈಪಿಂಗಿನಲ್ಲಿ ಅವನ ವೇಗಕ್ಕೆ ತಾಲೂಕಿನಲ್ಲಿ ಸಾಟಿ ಇರಲಿಲ್ಲ. ಹೇಳುವವರ ಬಾಯಿ ಮುಚ್ಚುವುದರೊಳಗೆ ಅವನ ಬೆರಳು ನಿಂತಿರುತ್ತಿದ್ದವು. ಹೇಳಿದ್ದು ಕಿವಿಯಿಂದ ನೇರ ಬೆರಳಿಗೆ ಹೋಗುತ್ತಿತ್ತು. ನಡುವೆ ತಲೆಗೆ ತೊಂದರೆ ಕೊಡುವ ಪದ್ಧತಿ ಅವನಲ್ಲಿರಲಿಲ್ಲ.

ಇಷ್ಟಿದ್ದೂ ಅವನಿಗೊಂದು ಸಣ್ಣ ಜಂಬವಿತ್ತು. ಯಾರು ಏನು ಕೇಳಿದರೂ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪೆಟಗಿಯನ್ನು ಎರಡು ಬೆರಳಿಂದ ಟಕ್ ಟಕ್ ಎಂದು ಬಡಿದು, "ಇದರಾಗ ಐತಿ" ಎನ್ನುತ್ತಿದ್ದ. ಹುಚ್ಚಪ್ಪ ತನ್ನ ಹೊಲದ ಗಡಿಯ ಬಗ್ಗೆ ಕೇಳಿದರೆ, "ಕಾಕಾ, ನಿನ್ನ ಹೊಲ ಇದರಾಗ ಐತಿ." ಅದೇ ಗಡಿ ಬಾಂದದ ಆಚೆಯ ಉಡಚಪ್ಪ ಕೇಳಿದರೆ, "ನಿಂದೂ ಇದರಾಗ ಐತಿ." ಎರಡೂ ಹೊಲ ಒಂದೇ ಪೆಟಗಿಯಲ್ಲಿವೆ ಎಂಬುದು ಮಾತ್ರ ಇಬ್ಬರಿಗೂ ಸರಿಬಂದಿರಲಿಲ್ಲ. ಹಿಂದಿನ ಓಣಿಯ ಮುದುಕಿ ಫಕ್ಕೀರವ್ವ ತನ್ನ ಬಾಗಿಲ ಮುಂದಿನ ಕಂಬಕ್ಕೆ ದೀಪವಿಲ್ಲವೆಂದು ಏಳು ವರ್ಷದಿಂದ ಕೇಳುತ್ತಿದ್ದಳು. ಅವಳಿಗೂ ಅದೇ: "ಆಯಿ, ನಿನ್ನ ದೀಪ ಇದರಾಗ ಐತಿ." ಟಕ್ ಟಕ್. ಫಕ್ಕೀರವ್ವ ಪೆಟಗಿಯ ಕಡೆ ಒಮ್ಮೆ, ಬುಡ್ಡೇಸಾಬನ ಕಡೆ ಒಮ್ಮೆ ನೋಡಿ ಹೋಗುತ್ತಿದ್ದಳು.

ಆ ಶನಿವಾರ ಮುಖ ಒರೆಸಿಕೊಂಡು ಬಂದು ಕುಂತರೆ ತಾಲೂಕಿನಿಂದ ಒಂದು ಸಂದೇಶ. ಸರಕಾರದ ಕಡಲೆ ಖರೀದಿಗೆ ಹೆಸರು ನೋಂದಾಯಿಸುವ ಕೆಲಸ ಸೋಮವಾರ ಹನ್ನೊಂದಕ್ಕೆ ಶುರು. ಹಳೆಯ ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ಹೊಸದನ್ನು ಹಾಕಿಕೊಳ್ಳದ ಇಂಥ ಅಂಗಡಿ-ಕೇಂದ್ರದ ಕೋಡ್ ನಂಬರು ಬಂದ್ ಆಗುತ್ತದೆ. ಆ ಊರಿನ ರೈತರು ಪಕ್ಕದೂರಿನ ಕೇಂದ್ರಕ್ಕೆ ಹೋಗತಕ್ಕದ್ದು.

ಪಕ್ಕದೂರಿಗೆ ಹೋಗುವುದೆಂದರೆ ನಮ್ಮೂರಿನವರಿಗೆ ಸಣ್ಣ ಮಾತಲ್ಲ. ಕೋಡ್ ನಂಬರು ಹೋಗುವುದೆಂದರೆ ಬುಡ್ಡೇಸಾಬನಿಗಂತೂ ಅಂಗಡಿಯೇ ಹೋದಂತೆ. ಅವನು ಕೂಡಲೇ ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ತನ್ನ ಹೆಂಡತಿಯ ತಮ್ಮ ಇಜಾಜನಿಗೆ ಫೋನು ಹಚ್ಚಿದ.

"ಮಾಮಾ, ಸಿ ಡ್ರೈವ್‌ನ್ಯಾಗ ಜಾಗಾ ಎಷ್ಟೈತಿ?" ಎಂದ ಇಜಾಜ.

"ಆರುನೂರು ಎಂಬಿ."

"ಇಪ್ಪತ್ತು ಜಿಬಿ ಬೇಕು."

"ಆರುನೂರು ಇಪ್ಪತ್ತಕ್ಕಿಂತ ಕಮ್ಮಿ ಆತೇನು?"

ಎಂಬಿಯೂ ಜಿಬಿಯೂ ಬುಡ್ಡೇಸಾಬನಿಗೆ ಗೊತ್ತಿಲ್ಲವೆಂದಲ್ಲ. ಕೇಳಿ ನೋಡುವುದರಲ್ಲಿ ತಪ್ಪೇನು ಎಂದು ಕೇಳಿದ್ದು.

ಇಜಾಜ ತಿಳಿಸಿ ಹೇಳಿದ. ಒಂದೇ ಹಾರ್ಡ್ ಡಿಸ್ಕನ್ನು ನಾಲ್ಕು ಖೋಲಿ ಮಾಡಿದ್ದಾರೆ: ಸಿ, ಡಿ, ಇ, ಎಫ್. ಸಿ ಮತ್ತು ಡಿ ನಡುವೆ ಒಂದೇ ಗೋಡೆ. ಡಿ ಖಾಲಿ ಮಾಡಿದರೆ ಗೋಡೆ ತೆಗೆದು ಸಿ ದೊಡ್ಡದು ಮಾಡಬಹುದು. ಗೋಡೆ ತೆಗೆಯುವಾಗ ಡಿಯೊಳಗೆ ಏನಿದ್ದರೂ ಉಳಿಯುವುದಿಲ್ಲ. "ಡಿ ಸಾಮಾನು ಇ, ಎಫ್‌ದಾಗ ಸರಿಸಿ ಇಡ್ರಿ. ನಾ ನಾಳಿ ಮುಂಜಾನಿ ಬಸ್ಸಿಗೆ ಬರ್ತೀನಿ."

ಬುಡ್ಡೇಸಾಬನ ಲೆಕ್ಕದಲ್ಲಿ ಸಿ ಕಂಪನಿಯದು, ಡಿ ಊರಿನದು, ಇ ಮನೆಯದು, ಎಫ್ ಬೀಗರದು. ಇ ತುಂಬಿ ವರ್ಷವಾಗಿತ್ತು. ಎಫ್‌ನಲ್ಲಿ ಇದೇ ಇಜಾಜನ ಮದುವೆಯ ವಿಡಿಯೋ. ಮೂರು ಕ್ಯಾಮೆರಾದವರು ಹಿಡಿದದ್ದು, ಒಂದಿಷ್ಟೂ ಕತ್ತರಿ ಆಡಿಸದ್ದು. ಅದರಲ್ಲಿ ಒಂದು ಕ್ಯಾಮೆರಾ ಪೂರ್ತಿ ಊಟದ ಪಂಕ್ತಿಯ ಮುಂದೆಯೇ ನಿಂತಿತ್ತು. ಮಧ್ಯಾಹ್ನ ಊಟಕ್ಕೆ ಕುಂತಾಗ ಬುಡ್ಡೇಸಾಬ ಹೆಂಡತಿ ಮೋತಿಬಿಯ ಎದುರು ಮಾತು ತೆಗೆದ.

"ಆ ಮದವಿದು ಒಂದೀಟು ಕಮ್ಮಿ ಮಾಡಿದ್ರ ಹೆಂಗ?"

ಮೋತಿಬಿ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ನನ್ನ ತಮ್ಮನ ಮದವಿ ಅಳಸ್ತೀರಿ? ಮೊದಲ ನಮ್ಮ ಮದವಿ ಅಳಸ್ರಿ."

"ನಮ್ಮ ಮದವಿದು ಎಲ್ಲೈತಿ ಅಳಸಾಕ? ನಾಕು ಫೋಟೋ ಅದಾವ."

"ಅದಕ್ಕ ಹೇಳಿದ್ದು. ತಮ್ಮನ ಮದವ್ಯಾಗ ನಮ್ಮಪ್ಪ ಅದಾನ."

"ನಿಮ್ಮಪ್ಪ ಬೆಟಗೇರ್‍ಯಾಗ ಗಟ್ಟಿಮುಟ್ಟ ಅದಾನಲ್ಲ!"

"ವಿಡಿಯೋದಾಗ ಕುರ್ಚಿ ಮ್ಯಾಲ ಕುಂತಾನ."

"ಇಷ್ಟು ವರ್ಷದಾಗ ಒಮ್ಮೆರ ನೋಡೀಯೇನು ನೀ?"

"ನೋಡಾಕಲ್ಲ ಅದು," ಎಂದಳು ಮೋತಿಬಿ, ಮತ್ತೆ ರೊಟ್ಟಿಗೆ ಕೈ ಹಚ್ಚಿ. "ಇರಾಕ."

ಮೇಲಾಗಿ ಕೆಲಸಕ್ಕೆ ಬರುವವನೇ ಮದುಮಗ. ಬುಡ್ಡೇಸಾಬ ಎಫ್ ವಿಚಾರ ಕೈಬಿಟ್ಟ. ಉಳಿದದ್ದು ಡಿ ಒಂದೇ. ಡಿ ಎಂದರೆ ಊರು.

ಇಲ್ಲಿ ಬುಡ್ಡೇಸಾಬನ ತಂದೆ ಮಾಶಾಕಸಾಬನ ಮಾತು ಹೇಳಬೇಕು. ಅವರದು ಹತ್ತಿ ಹಿಂಜುವ ಮನೆತನ. ಹಳೆಯ ಗಾದಿ ಬಿಚ್ಚಿ, ಹತ್ತಿ ಹೊರತೆಗೆದು, ಬಿಲ್ಲಿನಿಂದ ಹಿಂಜಿ, ಧೂಳು ಹಾರಿಸಿ, ಮತ್ತೆ ತುಂಬಿ ಹೊಲಿದು ಕೊಡುವುದು. ಊರಿನ ಹೆಂಗಸರು ಗಾದಿ ತಲೆದಿಂಬಿನೊಳಗೆ ಏನೇನನ್ನೋ ಬಚ್ಚಿಟ್ಟು ಮರೆಯುತ್ತಿದ್ದರು. ಮಾಶಾಕಸಾಬನದೊಂದು ಕಟ್ಟಳೆಯಿತ್ತು: ಸಾಕ್ಷಿಗೆ ಇಬ್ಬರು ಪಂಚರನ್ನು ಕೂರಿಸದೆ ಗಾದಿ ಬಿಚ್ಚಬಾರದು, ಸಿಕ್ಕದ್ದನ್ನು ಮನೆಯವರ ಕೈಗೇ ಕೊಡಬೇಕು, ಕಸವಾದರೂ ಕೇಳದೆ ಎಸೆಯಬಾರದು. ಒಮ್ಮೆ ಬಂಗಾರದ ನತ್ತು ಸಿಕ್ಕಿದ್ದನ್ನು ಹೀಗೆಯೇ ಮುಟ್ಟಿಸಿದ್ದ. ಇನ್ನೊಮ್ಮೆ ಬೀಡಿ ಕಟ್ಟು ಸಿಕ್ಕಿತು. ಆ ಮನೆಯ ಹಿರಿಯ ಬೀಡಿ ಬಿಟ್ಟು ಐದು ವರ್ಷವಾಯಿತೆಂದು ಊರೆಲ್ಲ ಹೊಗಳುತ್ತಿದ್ದ ಕಾಲ. ಮಾಶಾಕಸಾಬ ಅದನ್ನೂ ಇಬ್ಬರು ಪಂಚರ ಎದುರಿಗೆ ಹಿರಿಯನ ಕೈಗಿಟ್ಟ. ಮಾಶಾಕಸಾಬ ತೀರಿಕೊಂಡಾಗ ಮೂರು ಊರಿನ ಜನ ಮಣ್ಣಿಗೆ ಬಂದಿದ್ದರು. ಬೀಡಿಯ ಮನೆಯವರು ಮಾತ್ರ ಬಂದಿರಲಿಲ್ಲ.

ಬುಡ್ಡೇಸಾಬ ಬಿಲ್ಲು ಬಿಟ್ಟಿದ್ದ, ಕಟ್ಟಳೆ ಬಿಟ್ಟಿರಲಿಲ್ಲ. ಸಂಜೆ ಚಹಾದಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ನಾಳಿ ಮುಂಜಾನಿ ಡಿ ಖಾಲಿ ಮಾಡತೀನಿ. ಯಾರ್‍ಯಾರದು ಏನೇನೈತಿ, ಬಂದು ಎದುರಿಗೆ ನಿಂತು ನೋಡಿ ಒಯ್ರಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ."

"ನಮ್ಮದೂ ಐತೇನೋ?" ಎಂದ ರಾಮಪ್ಪ, ಚಹಾ ಸೋಸುತ್ತ.

"ಎಲ್ಲಾರದೂ ಐತಿ."

"ಒಯ್ಯದಿದ್ರ?"

"ಅಳಿಸಿ ಹೋಕ್ಕೈತಿ."

ಈ ಮಾತು ಚಹಾದಂಗಡಿಯಿಂದ ಅಗಸಿಗೆ ಹೋಗುವಷ್ಟರಲ್ಲಿ ನಾಳೆ ಬಾರದವರ ಕಾಗದಪತ್ರ ಅಳಿಸುತ್ತಾರೆಂದಾಯಿತು. ಅಗಸಿಯಿಂದ ಹಿಂದಿನ ಓಣಿಗೆ ಹೋಗುವಷ್ಟರಲ್ಲಿ ಹೊಲವನ್ನೇ ಅಳಿಸುತ್ತಾರೆಂದಾಯಿತು. ಊರಿನವರನ್ನು ದೂರುವಂತಿಲ್ಲ. ಹೊಲ ಪೆಟಗಿಯಲ್ಲಿದೆಯೆಂದು ಹತ್ತು ವರ್ಷ ಬಡಿದು ಬಡಿದು ಹೇಳಿದವನು ಬುಡ್ಡೇಸಾಬನೇ.

ಭಾನುವಾರ ಇಬ್ಬನಿ ಬಿದ್ದಿತ್ತು, ಕಡಲೆ ಹಾಗೇ ನಿಂತಿತ್ತು, ಹೊಲದಲ್ಲಿ ಒಂದು ಆಳೂ ಇರಲಿಲ್ಲ. ಊರಿಗೆ ಊರೇ ಬಸ್ ಸ್ಟ್ಯಾಂಡಿನಲ್ಲಿತ್ತು. ಎಲ್ಲರಿಗಿಂತ ಮೊದಲು ಬಂದವಳು ಫಕ್ಕೀರವ್ವ. ಷಟರಿಗೆ ಬೆನ್ನು ಕೊಟ್ಟು ಕುಂತಿದ್ದಳು.

"ಏನ ಆಯಿ, ನೀ ಯಾಕ ಬಂದಿ?" ಎಂದ ಬುಡ್ಡೇಸಾಬ ಕೀಲಿ ತೆಗೆಯುತ್ತ.

"ನನ್ನ ದೀಪ ಎಲ್ಲಿಗೆ ಒಯ್ತೀರಿ ನೋಡಾಕ ಬಂದೀನಿ."

ಬಸ್ಸಿಳಿದ ಇಜಾಜ ಅಷ್ಟೊಂದು ಜನರನ್ನು ಕಂಡು ಯಾರೋ ಸತ್ತಿರಬೇಕೆಂದು ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದ. ವಿಷಯ ತಿಳಿದ ಮೇಲೆ ಬಿಚ್ಚಿ ಕಿಸೆಗಿಟ್ಟುಕೊಂಡ. "ಮಾಮಾ, ಇದಕ್ಯಾಕ ಇಷ್ಟು ಮಂದಿ? ಅಳಸೂದು ಎರಡು ನಿಮಿಷದ ಕೆಲಸ."

"ಎರಡು ನಿಮಿಷದಾಗ ಊರು ಅಳಸ್ತಾನಂತಲೇ!" ಎಂದು ಹಿಂದಿನಿಂದ ಒಂದು ದನಿ.

ಇಜಾಜ ಗಾಬರಿಯಾಗಿ, "ಅಳಸೂದ ಬ್ಯಾಡ. ನನ್ನ ಡಿಸ್ಕಿಗೆ ತುಂಬಕೊಂಡು ಬೆಟಗೇರಿಗೆ ಒಯ್ತೀನಿ, ಆಮ್ಯಾಲ ತಂದುಕೊಡತೀನಿ" ಎಂದ. ಅದು ಇನ್ನೂ ಕೆಟ್ಟಿತು.

"ನಮ್ಮ ಹೊಲ ಬೆಟಗೇರಿಗೆ ಒಯ್ತೀ?" ಎಂದು ಉಡಚಪ್ಪ ಮುಂದೆ ಬಂದ.

"ಒಯ್ದ್ರ ಇಬ್ಬರದೂ ಒಯ್ಲಿ," ಎಂದ ಹುಚ್ಚಪ್ಪ. "ಇವನದೊಂದ ಇಲ್ಲಿ ಬಿಟ್ಟು ನಂದು ಒಯ್ಯಾಕ ನಾ ಬಿಡಂಗಿಲ್ಲ."

ಅಷ್ಟರಲ್ಲಿ ಊರಿನ ಹೊಲದ ಲೆಕ್ಕ ನೋಡುವ ತಲಾಟಿ ಗವಿಸಿದ್ದೇಶ ಬೈಕಿನಲ್ಲಿ ಬಂದಿಳಿದ. ಊರಿನ ಪಹಣಿ ಅಳಿಸಾಕತ್ತಾರೆಂದು ಅವನಿಗೆ ಮುಂಜಾನೆಯಿಂದ ಹದಿನೇಳು ಫೋನು ಬಂದಿದ್ದವು. ವಯಸ್ಸಿನ್ನೂ ಮೂವತ್ತಾಗಿರದ ಗವಿಸಿದ್ದೇಶ ಗಂಟಲು ಸರಿಮಾಡಿಕೊಂಡ. "ನಿಮ್ಮ ಪಹಣಿ ಇರೂದು ಸರಕಾರದ ಕಂಪ್ಯೂಟರನ್ಯಾಗ. ಈ ಪೆಟಗ್ಯಾಗಲ್ಲ. ಇದನ್ನ ಒಡದು ಒಲಿಗೆ ಹಾಕಿದ್ರೂ ನಿಮ್ಮ ಹೊಲಕ್ಕೇನೂ ಆಗಂಗಿಲ್ಲ."

ಜನ ಒಮ್ಮೆಲೇ ಬುಡ್ಡೇಸಾಬನ ಕಡೆ ತಿರುಗಿದರು.

"ಹಂಗಾದ್ರ ನೀ ಇಷ್ಟು ವರ್ಷ ಬಡದದ್ದು ಏನು?" ಎಂದ ಹುಚ್ಚಪ್ಪ.

"ನಕಲು ಐತಿ," ಎಂದ ಬುಡ್ಡೇಸಾಬ ಸಣ್ಣ ದನಿಯಲ್ಲಿ. "ಇದರಾಗ ನಕಲು ಐತಿ."

"ನಕಲಾದ್ರೇನು, ಹೊಲ ಹೊಲಾನ," ಎಂದು ಉಡಚಪ್ಪ ತೀರ್ಪು ಕೊಟ್ಟ. "ನಮ್ಮ ಎದುರಿಗೆ ತಗಿ. ಒಂದೊಂದಾಗಿ ತಗಿ. ನೋಡದ ಒಂದೂ ಅಳಸಂಗಿಲ್ಲ."

ತಂದೆಯ ಕಟ್ಟಳೆಯೂ ಅದೇ ಆಗಿದ್ದರಿಂದ ಬುಡ್ಡೇಸಾಬ ಒಪ್ಪಿದ. ಪಂಚರಾಗಿ ಹುಚ್ಚಪ್ಪ ಉಡಚಪ್ಪರನ್ನೇ ಕೂರಿಸಿದರು. ಒಂಬತ್ತು ವರ್ಷದಿಂದ ಬಾಂದದ ಸಲುವಾಗಿ ಮಾತು ಬಿಟ್ಟವರು, ಒಬ್ಬ ಹೌದೆಂದರೆ ಇನ್ನೊಬ್ಬ ಹೌದೆನ್ನುವುದಿಲ್ಲ. ಇದಕ್ಕಿಂತ ನಂಬಿಗಸ್ತ ಸಾಕ್ಷಿ ಎಲ್ಲಿ ಸಿಗಬೇಕು? ಒಂದೇ ಬೆಂಚಿನ ಎರಡು ತುದಿಗೆ ಕುಂತರು.

ಬುಡ್ಡೇಸಾಬ ಡಿ ತೆರೆದ. ಎರಡು ಸಾವಿರದ ಮುನ್ನೂರು ಚಿಲ್ಲರೆ ಬಾಬುಗಳು. ಮೊದಲು ಫೋಟೋ. ಅವನ ಅಂಗಡಿಯಲ್ಲಿ ಫೋಟೋಕ್ಕೆಂದೇ ಒಂದು ನೀಲಿ ಅಂಗಿ ಗೂಟಕ್ಕೆ ತೂಗುಹಾಕಿತ್ತು. ಚೊಣ್ಣದಲ್ಲಿ ಬಂದವರೂ ಅದನ್ನು ಹಾಕಿಕೊಂಡು ಕೂರುತ್ತಿದ್ದರು. ಹೀಗಾಗಿ ಪರದೆಯ ಮೇಲೆ ಊರಿನ ಗಂಡಸರೆಲ್ಲ ಒಂದೇ ಅಂಗಿಯಲ್ಲಿ ಒಬ್ಬರ ಹಿಂದೊಬ್ಬರು ಬಂದು ಹೋದರು. ಹುಚ್ಚಪ್ಪ ಬಂದ. ಅವನ ಹಿಂದೆ ಅದೇ ಅಂಗಿಯಲ್ಲಿ ಉಡಚಪ್ಪ ಬಂದ.

"ನನ್ನ ಅಂಗಿ ಹಾಕ್ಕೊಂಡಾನ," ಎಂದ ಹುಚ್ಚಪ್ಪ.

ಪ್ರತಿ ಫೋಟೋಕ್ಕೂ ಬುಡ್ಡೇಸಾಬ ಹೆಸರು ಕೂಗುತ್ತಿದ್ದ, ಅವರು "ಹೂಂ" ಎನ್ನುತ್ತಿದ್ದರು, ಪಂಚರು ತಲೆ ಅಲ್ಲಾಡಿಸುತ್ತಿದ್ದರು. ಹನ್ನೊಂದರ ಹೊತ್ತಿಗೆ ಎಂಬತ್ತನಾಲ್ಕು ಮುಗಿದಿದ್ದವು. ಹೀಗೇ ನಡೆದರೆ ಕೆಲಸ ಶುಕ್ರವಾರಕ್ಕೆ ಮುಗಿಯುತ್ತದೆಂದು ಇಜಾಜ ಲೆಕ್ಕ ಹಾಕಿ ಹೇಳಿದ. ಕಡಲೆ ನೋಂದಣಿ ನಾಳೆಯೇ ಎಂದು ಗವಿಸಿದ್ದೇಶ ನೆನಪು ಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಎಂಬತ್ತೈದನೆಯದು ರಾಮಪ್ಪನ ತಾಯಿ ಅಮೃತವ್ವ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಜೀವಮಾನದಲ್ಲಿ ಒಮ್ಮೆ ಮಾತ್ರ ಫೋಟೋಕ್ಕೆ ಕುಂತವಳು, ಅದರಲ್ಲೂ ಕಣ್ಣು ಮುಚ್ಚಿದ್ದಳು. ಆ ಅರ್ಜಿ ತಿರಸ್ಕಾರವಾಗಿತ್ತು.

"ಕಣ್ಣು ಮುಚ್ಚ್ಯಾಳಪಾ," ಎಂದ ಬುಡ್ಡೇಸಾಬ, ತಪ್ಪು ತನ್ನದೇ ಎಂಬಂತೆ.

ರಾಮಪ್ಪ ಚಹಾದ ಕಿಟ್ಲಿ ಹಿಡಿದು ನಿಂತಿದ್ದ. "ಇರ್ಲಿ ಬಿಡು. ಮಧ್ಯಾಹ್ನ ಕಟ್ಟಿ ಮ್ಯಾಲ ಹಿಂಗ ಕುಂಡ್ರತಿದ್ಲು." ಆಮೇಲೆ, "ದೊಡ್ಡದು ಮಾಡಿ ಒಂದು ತಗದುಕೊಡು" ಎಂದ. ಕಾಗದ ಹೊರಬಂದಾಗ ಕಿಟ್ಲಿ ಕೆಳಗಿಟ್ಟು ಎರಡೂ ಕೈಯಿಂದ ಇಸಕೊಂಡ.

ಇದರಿಂದ ಜನರ ಹಟ ಇಮ್ಮಡಿಯಾಯಿತು. ನೋಡದೆ ಅಳಿಸಿದ್ದರೆ ಅಮೃತವ್ವ ಹೋಗಿಬಿಡುತ್ತಿದ್ದಳಲ್ಲ! "ಒಂದೂ ಬಿಡಬ್ಯಾಡ," ಎಂದರು ಹಿರಿಯರು. "ಎಲ್ಲಾ ತಗಿ. ನಮ್ಮೂರಾಗ ಮುಚ್ಚಿಡೂದು ಏನೈತಿ?"

ಬುಡ್ಡೇಸಾಬ ಮುಂದಿನ ಫೋಲ್ಡರ್ ಒತ್ತಿದ. ಅದರ ಹೆಸರು 'ಮೂಗರ್ಜಿ'.

ಹೆಸರಿಲ್ಲದ ಅರ್ಜಿಯೆಂದರೆ ಬರೆದವರು ಯಾರೆಂದು ಯಾರಿಗೂ ತಿಳಿಯಬಾರದು. ಆದರೆ ಬುಡ್ಡೇಸಾಬ ಅಚ್ಚುಕಟ್ಟಿನ ಮನುಷ್ಯ. ನೂರಾರು ಮೂಗರ್ಜಿಯಲ್ಲಿ ಯಾವುದು ಯಾರದೆಂದು ತಪ್ಪಿಹೋಗಬಾರದೆಂದು ಪ್ರತಿಯೊಂದಕ್ಕೂ ಬರೆಸಿದವರ ಹೆಸರನ್ನೇ ಇಟ್ಟಿದ್ದ. ಪರದೆಯ ಮೇಲೆ ಸಾಲಾಗಿ ನಿಂತಿದ್ದವು: ಉಡಚಪ್ಪ ಬಾಂದ ಒಂದು, ಉಡಚಪ್ಪ ಬಾಂದ ಎರಡು, ಹೀಗೆ ಏಳು. ಕೆಳಗೆ ಹುಚ್ಚಪ್ಪ ಬಾಂದ ಒಂದರಿಂದ ಏಳು. ಅದರ ನಡುವೆ 'ಗವಿಸಿದ್ದೇಶ ಸಾಹೇಬ್ರು, ಊರ ಮಂದಿ ಮ್ಯಾಲ' ಎಂದು ಮೂರು.

ಓದು ಬಂದವರು ಓದಿದರು. ಓದು ಬಾರದವರು ಓದಿದವರ ಮುಖ ನೋಡಿ ತಿಳಿದುಕೊಂಡರು.

ಒಂಬತ್ತು ವರ್ಷದ ಮೇಲೆ ಹುಚ್ಚಪ್ಪ ಉಡಚಪ್ಪನ ಕಡೆ ತಿರುಗಿ ಮಾತಾಡಿದ. "ಏಳು?"

"ನಿಂದೂ ಏಳ ಅದಾವಲ್ಲ," ಎಂದ ಉಡಚಪ್ಪ. ಆಮೇಲೆ ಬೆರಳು ಮಡಚಿ ಎಣಿಸಿ, "ನಾ ಎಂಟು ಬರಸೀನಿ ಅಂತ ತಿಳಕೊಂಡಿದ್ದೆ."

"ಎಂಟನೇದು ಅರ್ಧಾ ಆದಾಗ ನೀನ ಸಾಕು ಅಂದಿ, ಮಾವಾ. ಎಮ್ಮಿ ಕರಾ ಹಾಕಿತ್ತು," ಎಂದು ಬುಡ್ಡೇಸಾಬ ದಾಖಲೆ ಸರಿಪಡಿಸಿದ.

ಗವಿಸಿದ್ದೇಶ ಗಡಿಯಾರ ನೋಡಿಕೊಂಡ. "ಹೊತ್ತಾತು. ಇವೆಲ್ಲಾ ಹಳೇವು. ತಗದು ನೋಡೂ ಅಂಥಾದ್ದೇನಿಲ್ಲ. ಅಳಸೂದ ಚೊಲೋ."

"ಅಳಸ್ರಿ," ಎಂದ ಹುಚ್ಚಪ್ಪ.

"ಜಲ್ದಿ ಅಳಸ್ರಿ," ಎಂದ ಉಡಚಪ್ಪ.

ಮುಂಜಾನೆಯಿಂದ ಒಂದೂ ಅಳಿಸಬಾರದೆಂದು ನಿಂತಿದ್ದ ಊರು ಒಂದೇ ಬಾಯಿಂದ ಅಳಿಸಬೇಕೆಂದಿತು. ಗ್ರಾಮಸಭೆಯಲ್ಲೂ ಇಂಥ ಒಮ್ಮತ ಕಂಡಿರಲಿಲ್ಲ. ಇಜಾಜ ಕೀಲಿಮಣೆಗೆ ಕೈ ಹಾಕಿದ.

"ತಡಿ," ಎಂದಳು ಫಕ್ಕೀರವ್ವ. ಎದ್ದು ಬಂದು ಮೇಜಿಗೆ ಕೈ ಊರಿ ನಿಂತಳು. "ನಂದೂ ಒಂದೈತಿ ಅದರಾಗ. ತಗಿ. ಓದು."

"ಬ್ಯಾಡ ಬಿಡ ಆಯಿ," ಎಂದರು ನಾಲ್ಕಾರು ಮಂದಿ.

"ನಿಮ್ಮವು ಬ್ಯಾಡಂದ್ರ ಬ್ಯಾಡ. ನಾ ಬರಸಿದ್ದು ಓದಾಕ. ಈ ಬುಡ್ಡೇಸಾಬನ ಅಪ್ಪ ಇದ್ದಿದ್ರ ಕೇಳದ ಬಿಸಾಡತಿದ್ದನೇನು?"

ಬುಡ್ಡೇಸಾಬ ಇಜಾಜನ ಕೈ ಸರಿಸಿದ. ಹುಡುಕ್ಯಾಡಿ ತೆಗೆದ. ಆರು ವರ್ಷದ ಹಿಂದಿನದು. ಅಕ್ಷರ ಸಣ್ಣವು, ಪಂಚರಿಬ್ಬರೂ ಚಸ್ಮಾ ತಂದಿರಲಿಲ್ಲ. ಗವಿಸಿದ್ದೇಶನೇ ಗಟ್ಟಿಯಾಗಿ ಓದಿದ:

"ಮಾನ್ಯರೇ, ನಮ್ಮ ಊರಿನಲ್ಲಿ ಪೆಟಗಿ ಬಡಿದು ಮಾತಾಡುವ ಒಬ್ಬ ಮನುಷ್ಯನಿದ್ದು, ನನ್ನ ಬಾಗಿಲ ಮುಂದಿನ ಕಂಬದ ದೀಪದ ವಿಷಯ ಕೇಳಿದಾಗಲೆಲ್ಲ ದೀಪ ಇದರಾಗ ಐತಿ ಎಂದು ಹೇಳುತ್ತಾನೆ. ಸದರಿ ದೀಪ ಪೆಟಗಿಯೊಳಗೆ ಉರಿದು ನನಗೆ ಉಪಯೋಗ ಇರುವುದಿಲ್ಲ. ಕತ್ತಲಲ್ಲಿ ನಾನು ಎರಡು ಸಲ ಬಿದ್ದಿರುತ್ತೇನೆ. ಆದ ಕಾರಣ ಸದರಿ ಪೆಟಗಿಯನ್ನು ಒಡೆಸಿ ದೀಪವನ್ನು ತೆಗೆಸಿ ಕಂಬಕ್ಕೆ ಹಾಕಿಸಬೇಕು. ಸದರಿ ಮನುಷ್ಯ ಒಳ್ಳೆಯವನು, ಚಹಾ ಕುಡಿಸುತ್ತಾನೆ, ಆದರೆ ಸುಳ್ಳು ಹೇಳುತ್ತಾನೆ. ಅವನ ತಂದೆ ಹೀಗಿರಲಿಲ್ಲ."

ಯಾರೂ ನಗಲಿಲ್ಲ. ಎಲ್ಲರ ಮೂಗರ್ಜಿಗಳೂ ಇನ್ನೂ ಪೆಟಗಿಯ ಒಳಗೇ ಇದ್ದವು.

ಬುಡ್ಡೇಸಾಬ ಪರದೆಯನ್ನೇ ನೋಡುತ್ತಿದ್ದ. ಕಣ್ಣು ತೆಗೆಯದೆ ಕೇಳಿದ, "ಆಯಿ, ಈ ಮನಶ್ಯಾ ನಾನ ಏನು?"

"ಊರಾಗ ಪೆಟಗಿ ಇನ್ಯಾರ ಹತ್ರ ಐತಿ?"

"ಇದನ್ನ ಟೈಪ್ ಮಾಡಿದವ ನಾನ ಅಲ್ಲೇನು?"

"ಟೈಪ್ ಮಾಡಿದಿ," ಎಂದಳು ಫಕ್ಕೀರವ್ವ. "ಓದಿಲ್ಲ."

"ಹೆಸರಾದ್ರೂ ಹೇಳಬೇಕಿಲ್ಲೋ?"

"ಹೇಳಿದ್ರ ನಿನಗ ಕೆಟ್ಟ ಅನಸ್ತಿತ್ತು. ಎದುರಿಗೆ ಕುಂತಿದ್ದಿ." ಆಮೇಲೆ ಕೇಳಿದಳು, "ಕಳಿಸಿದ್ಯೋ ಇಲ್ಲೋ?"

ಬುಡ್ಡೇಸಾಬ ನೋಡಿದ. ಕಳಿಸಿರಲಿಲ್ಲ. "ಅವತ್ತು ಕರೆಂಟ್ ಹೋಗಿತ್ತ ಆಯಿ."

"ಆರು ವರ್ಷಾನ?"

ಹುಚ್ಚಪ್ಪ ಕೆಮ್ಮಿದ. ಫಕ್ಕೀರವ್ವ ಸೆರಗು ಸರಿಮಾಡಿಕೊಂಡಳು. "ಅದಕ್ಕಂತ ಒಂದು ಸೇರು ಕಡಲಿ ಒಯ್ದಿದ್ದಿ. ಕೆಲಸಾ ಆಗಿಲ್ಲ. ಕೊಡು."

ಹೆಂಗಸರ ಗುಂಪಿನ ಹಿಂದೆ ನಿಂತಿದ್ದ ಮೋತಿಬಿ ಮನೆಗೆ ಹೋದಳು. ಹೊಸ ಕಡಲೆ ಸೇರಿನ ಮೇಲೆ ಗೋಪುರ ಬರುವಂತೆ ಅಳೆದು ತಂದು ಮುದುಕಿಯ ಉಡಿಗೆ ಸುರಿದಳು. ಗಂಡನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಆ ನೋಟಕ್ಕಿಂತ ಅವಳ ತಮ್ಮನ ಮದುವೆ ಅಳಿಸಿದ್ದರೆ ಬರಬಹುದಾಗಿದ್ದ ನೋಟ ಮೇಲೆಂದು ಬುಡ್ಡೇಸಾಬನಿಗೆ ಅನಿಸಿತು.

ಮುಂದಿನ ಕೆಲಸ ಸಲೀಸಾಯಿತು. ಫೋಟೋ, ಕಾಗದಪತ್ರ ಎಲ್ಲವನ್ನೂ ಇಜಾಜ ಕೂಡಿಸಿ ನೋಡಿದ. ಒಂದೊಂದನ್ನೂ ಬುಡ್ಡೇಸಾಬ ಭದ್ರತೆಗೆಂದು ಒಂಬತ್ತೊಂಬತ್ತು ಸಲ ನಕಲು ಮಾಡಿಟ್ಟಿದ್ದರಿಂದ ಡಿ ತುಂಬಿತ್ತೇ ವಿನಾ ನಿಜಕ್ಕೂ ಇದ್ದದ್ದು ಮೂರು ಜಿಬಿ. ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಊರು ಹಿಡಿಸಿತು.

"ಇಷ್ಟ ಏನು ನಾವು?" ಎಂದ ರಾಮಪ್ಪ.

ಆ ಪೆನ್‌ಡ್ರೈವ್ ಯಾರ ಹತ್ತಿರ ಇರಬೇಕೆಂಬ ಪ್ರಶ್ನೆ ಬಂತು. ಬೆಟಗೇರಿಯವನ ಹತ್ತಿರ ಬೇಡ. ತಲಾಟಿಯ ಹತ್ತಿರ ಬೇಡ. ಹುಚ್ಚಪ್ಪನ ಹತ್ತಿರ ಉಡಚಪ್ಪ ಬೇಡವೆಂದ. ಬುಡ್ಡೇಸಾಬ ಮೂಗರ್ಜಿಯ ಪಟ್ಟಿಯನ್ನು ಕೊನೆಯ ಸಲ ಮೇಲಿಂದ ಕೆಳಗೆ ನೋಡಿ, ಇಡೀ ಊರಿನಲ್ಲಿ ಫಕ್ಕೀರವ್ವನ ಮೇಲೆ ಮಾತ್ರ ಯಾರೂ ಬರೆಸಿಲ್ಲವೆಂದು ವರದಿ ಮಾಡಿದ. ಊರು, ಅದರ ಜೊತೆ ಅವಳ ಅರ್ಜಿಯೂ, ಅವಳ ಸೆರಗಿನ ಗಂಟಿಗೆ ಹೋಯಿತು.

ಉಳಿದ ಮೂಗರ್ಜಿ ಅಳಿಸುವ ಗುಂಡಿಯನ್ನು ಪಂಚರೇ ಒತ್ತಬೇಕೆಂದಾಯಿತು. ಹುಚ್ಚಪ್ಪ ಒತ್ತಲು ಹೋದರೆ ಉಡಚಪ್ಪ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟ. ಒಬ್ಬನೇ ಒತ್ತಿದರೆ ತನ್ನದು ಉಳಿಸಿಬಿಟ್ಟಾನೆಂಬ ಸಂಶಯ. ಹಾಗೆ ಇಬ್ಬರೂ ಕೂಡಿ ಒತ್ತಿದರು. ಗೋಡೆ ಹೋಯಿತು, ಸಿ ದೊಡ್ಡದಾಯಿತು, ಹೊಸ ವಿಂಡೋಸ್ ಇಳಿಯತೊಡಗಿತು. ಜನ ಮನೆಗೆ ಹೋಗಲಿಲ್ಲ. ಶೇಕಡಾ ಇಪ್ಪತ್ಮೂರು, ಇಪ್ಪತ್ನಾಲ್ಕು ಎಂದು ಎಣಿಸುತ್ತ ಕುಂತರು. ಹೊತ್ತು ಮುಳುಗುವ ಮೊದಲು ನೂರಾಯಿತು.

ಸೋಮವಾರ ಹನ್ನೊಂದಕ್ಕೆ ಕಡಲೆ ನೋಂದಣಿ ತೆರೆಯಿತು. ಪಾಳಿಯ ಮೊದಲಿಗೆ ಫಕ್ಕೀರವ್ವ ನಿಂತಿದ್ದಳು. ಅವಳಿಗೆ ನೋಂದಾಯಿಸಲು ಕಡಲೆ ಇರಲಿಲ್ಲ. ಗಂಟು ಬಿಚ್ಚಿ ಪೆನ್‌ಡ್ರೈವ್ ಮೇಜಿನ ಮೇಲಿಟ್ಟಳು. ಹೊಸ ವಿಂಡೋಸಿನಲ್ಲಿ ಬುಡ್ಡೇಸಾಬ ಮಾಡಿದ ಮೊದಲ ಕೆಲಸ ತನ್ನ ಮೇಲಿನ ದೂರನ್ನು ತಾನೇ ತಾಲೂಕಿಗೆ ಕಳಿಸಿದ್ದು. ರಸೀದಿ ತೆಗೆದು ಕೊಟ್ಟ. ಮುದುಕಿ ಅದನ್ನೂ ಗಂಟಿಗೆ ಹಾಕಿಕೊಂಡಳು.

ಹದಿನೈದು ದಿನಕ್ಕೆ ಮುಂಡರಗಿಯಿಂದ ಒಬ್ಬ ಸಾಹೇಬರು ತನಿಖೆಗೆ ಬಂದರು. ಕಂಬ ನೋಡಿದರು, ಪೆಟಗಿ ನೋಡಿದರು, ವರದಿ ಟೈಪ್ ಮಾಡುವವರು ಈ ಊರಿನಲ್ಲಿ ಯಾರಿದ್ದಾರೆಂದು ಕೇಳಿದರು. ಬುಡ್ಡೇಸಾಬನೇ ಮಾಡಿಕೊಟ್ಟ: 'ಪೆಟಗಿಯನ್ನು ಖುದ್ದು ಪರಿಶೀಲಿಸಲಾಗಿ ಸದರಿ ದೀಪ ಅದರಲ್ಲಿ ಕಂಡುಬಂದಿರುವುದಿಲ್ಲ. ಆದ ಕಾರಣ ಕಂಬಕ್ಕೆ ಹೊಸ ದೀಪ ಹಾಕಬಹುದು.'

ಹಾಕಿದರು. ದೀಪ ಹತ್ತಿದ ಮೂರನೆಯ ದಿನ ಫಕ್ಕೀರವ್ವ ಅಂಗಡಿಗೆ ಬಂದಳು. ಉಡಿಯಿಂದ ಕಡಲೆ ತೆಗೆದು ಮೇಜಿನ ಮೇಲೆ ಸುರಿದಳು.

"ತಗೋ. ಕೆಲಸಾ ಮಾಡಿದಿ. ಇದು ನಿಂದು."

ಬುಡ್ಡೇಸಾಬ ಕಣ್ಣಳತೆಯಲ್ಲೇ ನೋಡಿದ. "ಆಯಿ, ಅರ್ಧಾ ಸೇರು ಐತಲ್ಲ?"

"ದೀಪ ಅರ್ಧಾ ರಾತ್ರಿಗೆ ಆರತೈತಿ."

"ಯಾಕ?"

"ನನಗೇನು ಗೊತ್ತು?"

ಬುಡ್ಡೇಸಾಬನ ಬಲಗೈ ರೂಢಿಯ ಮೇಲೆ ಪೆಟಗಿಯ ಕಡೆ ಹೋಯಿತು. ಎರಡು ಬೆರಳು ಮಡಚಿಕೊಂಡಿದ್ದವು. ಮುದುಕಿ ಅದನ್ನೇ ನೋಡುತ್ತಿದ್ದಳು. ಕೈ ನಡುವೆಯೇ ನಿಂತು, ಹಾಗೇ ಮೇಲೆ ಬಂದು ಕೀಲಿಮಣೆಯ ಮೇಲೆ ಕುಂತಿತು.

"ಹೇಳ ಆಯಿ," ಎಂದ.

ಫಕ್ಕೀರವ್ವ ಬೆಂಚಿನ ಮೇಲೆ ಕುಂತು ಹೇಳತೊಡಗಿದಳು. ಬುಡ್ಡೇಸಾಬ ಟೈಪ್ ಮಾಡಿದ. ಈ ಸಲ ಓದಿಕೋತ.